ಹದಿಮೂರನೆಯ ಪದ

ಮಧುಗಿರಿಯ ಆಫೀಸಿಗೆ ಕಂಪ್ಯೂಟರ್ ಬಂದದ್ದು ೧೯೮೮ರ ಜನವರಿಯಲ್ಲಿ. ಪಾವಗಡದಿಂದ ಜೀಪಿನ ಹಿಂದಿನ ಸೀಟಿನಲ್ಲಿ, ಜಮಖಾನ ಸುತ್ತಿಸಿಕೊಂಡು ಬಂತು. ಹಳ್ಳಿಗಳಲ್ಲಿ ಬಾಲವಾಡಿ ನಡೆಸುವ, ಕೊಳವೆಬಾವಿ ಕೊರೆಸುವ ಸಂಸ್ಥೆ ಅದು. ನೆರವು ಕೊಡುತ್ತಿದ್ದ ಅಮೆರಿಕದವರು ಎರಡು ವರ್ಷದ ಹಿಂದೆ ಈ ಹೊಸ ಯಂತ್ರವನ್ನು ಪಾವಗಡದ ಶಾಖೆಗೆ ಕಳಿಸಿದ್ದರು. ಅಲ್ಲಿ ಟೈಪು ಬಲ್ಲವರು ಒಬ್ಬರೂ ಇರಲಿಲ್ಲ. ಮಧುಗಿರಿಯಲ್ಲಿ ರಾಜಲಕ್ಷ್ಮಮ್ಮ ಇದ್ದಳು.

ಅದನ್ನು ಜೋಡಿಸಿಕೊಟ್ಟ ಬೆಂಗಳೂರಿನ ಮೆಕ್ಯಾನಿಕ್ ಹೋಗುವ ಮುಂಚೆ ಒಂದು ಮಾತು ಹೇಳಿದ.

"ಮೇಡಂ, ಇದರ ಹೊಟ್ಟೇಲಿರೋದು ಅಮೆರಿಕದ ಡಿಕ್ಷನರಿ. ನೀವು ಇಂಗ್ಲಿಷರ ಥರ ಕಲರ್, ಲೇಬರ್‌ಗೆಲ್ಲ ಯು ಹಾಕಿದ್ರೆ ತಪ್ಪು ಅಂತ ನಿಂತುಬಿಡುತ್ತೆ. ನಮ್ಮ ಊರು, ಜನರ ಹೆಸರು ಬಂದ್ರೂ ನಿಲ್ಲುತ್ತೆ. ಗಾಬರಿಯಾಗಬೇಡಿ. ಸರಿ ಇದೆ ಅನ್ನಿಸಿದ್ರೆ ಈ ಕೀ ಒತ್ತಿ. ಪದ ಪಟ್ಟಿಗೆ ಸೇರ್ಕೊಳ್ಳುತ್ತೆ, ಆಮೇಲೆ ಯಾವತ್ತೂ ಕೇಳಲ್ಲ."

"ಮರೆತುಬಿಟ್ರೆ?"

"ಮರೆಯೋಕೆ ಅದೇನು ಮನುಷ್ಯನಾ ಮೇಡಂ?"

ಅವನು ಹೇಳಿದಂತೆಯೇ ಆಯಿತು. ನಿಡುಗಲ್ ಎಂದು ಹೊಡೆದರೆ ನಿಂತಿತು. ನಾಗಲಮಡಿಕೆಗೆ ನಿಂತಿತು. ಓಬಳಪ್ಪ, ಕೊಲ್ಲಾಪುರಮ್ಮ ಯಾರನ್ನೂ ಒಂದೇ ಸಲಕ್ಕೆ ಬಿಡಲಿಲ್ಲ. ಆಕೆ ಕೀ ಒತ್ತಿ ಒತ್ತಿ ಒಬ್ಬೊಬ್ಬರನ್ನೇ ಪಟ್ಟಿಗೆ ಸೇರಿಸಿದಳು. ಆದರೆ ಯು ಇರುವ ಲೇಬರಿಗೆ ಯಂತ್ರ ನಿಲ್ಲಲಿಲ್ಲ. ಕಲರಿಗೂ ನಿಲ್ಲಲಿಲ್ಲ. ಮೂರು ವಾರ ಕಳೆದ ಮೇಲೆ ಅದು ಆಕೆಯ ಗಮನಕ್ಕೆ ಬಂತು.

"ನಿಮ್ಮ ಮೇಷ್ಟ್ರಿಗೆ ಹೆದರ್ಕಂಡೈತೆ ಬುಡಮ್ಮ" ಎಂದು ಆಫೀಸಿನಲ್ಲಿ ಟೀ ಕಾಯಿಸುವ ಗೌರಕ್ಕ ನಕ್ಕಳು.

ಮೇಷ್ಟ್ರು ಎಂದರೆ ನಾಗಲಿಂಗಯ್ಯನವರು. ಎಪ್ಪತ್ತೊಂದರಲ್ಲಿ ಮಧುಗಿರಿಯ ಕೋಟೆ ರಸ್ತೆಯಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದರು. ಪ್ರತಿದಿನ ಪಾಠ ಶುರುವಾಗುವುದು ಇಂಗ್ಲಿಷರು ಯು ಹಾಕಿ ಬರೆಯುವ ಹನ್ನೆರಡು ಪದಗಳಿಂದ. ಹಾನರ್ ಮೊದಲು, ನೇಗಿಲಿನ ಇಂಗ್ಲಿಷ್ ಪದ ಕೊನೆಗೆ. ಆ ಪಟ್ಟಿ, ಆ ಕ್ರಮ ಎರಡೂ ಅವರದೇ, ಯಾವ ಪುಸ್ತಕದಲ್ಲೂ ಇರಲಿಲ್ಲ. "ಅಮೆರಿಕದೋರು ಯು ನುಂಗಿ ತೇಗ್ತಾರೆ. ಇಲ್ಲಿ ಯಾರಾದ್ರೂ ನುಂಗಿದ್ರೆ ಗೆಣ್ಣಿಗೆ ಸ್ಕೇಲು" ಎನ್ನುವರು.

ರಾಜಲಕ್ಷ್ಮಮ್ಮನ ಪಕ್ಕದ ಮಿಷನ್ನಿಗೆ ಕೊರಟಗೆರೆಯ ಪರ್ವತಯ್ಯ ಕೂರುತ್ತಿದ್ದ. ಹನ್ನೆರಡು ಪದ ಮುಗಿದ ಮೇಲೆ ಅವನು ಹದಿಮೂರನೆಯದೊಂದು ಹೊಡೆಯುತ್ತಿದ್ದ. ಆಕೆಯ ಹೆಸರು. ಮೇಷ್ಟ್ರು ಹತ್ತಿರ ಬರುವಷ್ಟರಲ್ಲಿ ಕಾಗದದ ಆ ಚೂರು ಹರಿದು ಜೇಬಿಗೆ ಹೋಗುತ್ತಿತ್ತು. ನೋಡುತ್ತಿದ್ದವಳು ಆಕೆ ಒಬ್ಬಳೇ.

ಹಿರಿಯರೇ ಮುಂದೆ ನಿಂತು ಮದುವೆ ಮಾಡಿದರು. ಅಲ್ಲಿಂದಾಚೆಗೆ ಅವನು ಆಕೆಯ ಹೆಸರು ಹಿಡಿದು ಕೂಗಲಿಲ್ಲ. ಲೇ, ಇವಳೇ, ಅಷ್ಟೇ. ಆಕೆಯೂ ಗಂಡನ ಹೆಸರನ್ನು ಬಾಯಲ್ಲಿ ಆಡಲಿಲ್ಲ, ಕೈಯಲ್ಲಿ ಬರೆಯಲಿಲ್ಲ. ೧೯೮೧ರ ಮಾರ್ಚಿನಲ್ಲಿ ಒಂದು ಬೆಳಿಗ್ಗೆ, ಸಿರಾದಿಂದ ಟೈಪ್‌ರೈಟರಿಗೆ ರಿಬ್ಬನ್ ತರುತ್ತೇನೆಂದು ಹೊರಟವನು ವಾಪಸು ಬರಲಿಲ್ಲ. ಕಾಗದವೂ ಬರಲಿಲ್ಲ.

ಏಳು ವರ್ಷ ತುಂಬಿದ ತಿಂಗಳಲ್ಲೇ ಮೈದುನ ಜಯರಾಮಯ್ಯ ಆಫೀಸಿಗೆ ಬಂದ.

"ಅತ್ತಿಗೆಮ್ಮ, ಇನ್ನೆಷ್ಟು ದಿನ ಅಂತ ಕಾಯೋದು? ಏಳು ವರ್ಷ ಸುದ್ದಿ ಇಲ್ಲ ಅಂದ್ರೆ ಕೋರ್ಟಿನಾಗೆ ಸತ್ತಂಗೇ ಲೆಕ್ಕವಂತೆ. ಅರ್ಜಿ ಹಾಕಾನ. ಹುಲ್ಲಿನ ಬೊಂಬೆ ಮಾಡಿ ಸುಟ್ಟು ಅಣ್ಣನ ಕಾರ್ಯ ಮುಗಿಸ್ಬುಡಾನ. ಪಾಲುಪಟ್ಟಿನೂ ನಿಂತೋಗೈತೆ. ಟೈಪು ಹೆಂಗಿದ್ರೂ ನಿಮ್ದೇ. ಒಂದು ಕಾಗದ ಹೊಡೆದಿಟ್ಟಿರಿ, ಸೋಮವಾರ ಬತ್ತೀನಿ."

ಕಾರ್ಯವಾದರೆ ಬಳೆ ಒಡೆಯಬೇಕು, ಕುಂಕುಮ ಅಳಿಸಬೇಕು. ಬೇಡ ಎನ್ನಲು ಆಕೆಯ ಬಳಿ ಯಾವ ಆಧಾರವೂ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಆಕೆ ಇಂಗ್ಲಿಷಿನಲ್ಲಿ ಅರ್ಜಿ ಹೊಡೆದಳು. ರಾಜಲಕ್ಷ್ಮಮ್ಮ ಎಂಬ ನಾನು, ಎಂದು ಶುರು. ಗಂಡನ ಹೆಸರಿನ ಜಾಗವನ್ನು ಖಾಲಿ ಬಿಟ್ಟಳು. ತಪ್ಪು ಹುಡುಕಲು ಯಂತ್ರಕ್ಕೆ ಹೇಳಿದಳು. ಅದು ಸೀದಾ ಮೂರನೆಯ ಸಾಲಿಗೆ ಹೋಗಿ ಜಯರಾಮಯ್ಯನ ಹೆಸರಿಗೆ ನಿಂತಿತು.

ತನ್ನ ಹೆಸರಿಗೆ ಯಾಕೆ ನಿಲ್ಲಲಿಲ್ಲ? ಅದನ್ನು ಆಕೆ ಈ ಯಂತ್ರದಲ್ಲಿ ಹೊಡೆದದ್ದು ಅವತ್ತೇ ಮೊದಲು.

ಪಟ್ಟಿ ತೆರೆದಳು. ಪದಗಳು ಸೇರಿಸಿದ ಕ್ರಮದಲ್ಲೇ ಒಂದರ ಕೆಳಗೊಂದು, ಹಸಿರು ಅಕ್ಷರದಲ್ಲಿ ನಿಂತಿದ್ದವು. ನಿಡುಗಲ್, ನಾಗಲಮಡಿಕೆ, ಓಬಳಪ್ಪ, ಎಲ್ಲ ಕೆಳಗಿದ್ದವು. ಯಂತ್ರ ಆಕೆಯ ಕೈಗೆ ಬರುವ ಮುಂಚೆಯೇ ಹದಿಮೂರು ಪದ ಸೇರಿದ್ದವು. ಮೊದಲು ಹಾನರ್. ಮೇಷ್ಟ್ರ ಕ್ರಮ ಒಂದೂ ತಪ್ಪದೆ ಹನ್ನೆರಡು. ಹದಿಮೂರನೆಯದು ಆಕೆಯ ಹೆಸರು.

ಯಂತ್ರ ಈ ಸೀಮೆಗೆ ಬಂದದ್ದು ಎಂಬತ್ತಾರರಲ್ಲಿ. ಅವನು ಹೋದದ್ದು ಎಂಬತ್ತೊಂದರಲ್ಲಿ.

ಮರುದಿನ ಮದುವೆಯ ಫೋಟೋ ಚೀಲದಲ್ಲಿಟ್ಟುಕೊಂಡು ಪಾವಗಡದ ಬಸ್ಸು ಹತ್ತಿದಳು. ಶಾಖೆಯ ಕಾವಲುಗಾರ ಹುಚ್ಚಣ್ಣ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದ.

"ಎವರಮ್ಮಾ ಈಯನ? ಇವರನ್ನ ನಾನು ನೋಡಿಲ್ಲ ಕಣಮ್ಮ. ಆ ಮಿಷನ್ನಿನ ಮುಂದೆ ಯಾರೂ ಕೂತೇ ಇಲ್ಲ. ರೂಮಿನ ಬೀಗದ ಕೈ ನನ್ನ ಉಡಿದಾರದಾಗೇ ಇತ್ತು."

"ಯಾರೂ ಬರಲೇ ಇಲ್ವಾ?"

ಹುಚ್ಚಣ್ಣ ತಲೆ ಕೆರೆದುಕೊಂಡ. "ಬರಲಿಲ್ಲ. ಆದ್ರೆ ಎರಡು ವರ್ಷದ ಹಿಂದಿನ ಬೇಸಿಗೆನಾಗೆ, ಊರೆಲ್ಲ ಮಲಗಿರೋ ಮಧ್ಯಾಹ್ನದ ಹೊತ್ನಾಗೆ, ಒಳಗೆ ಟಕಟಕ ಅಂತಿತ್ತು. ಹೆಗ್ಗಣ ಅಂದ್ಕಂಡೆ. ಬೀಗ ತೆಗೆದು ನೋಡಿದ್ರೆ ಏನೂ ಇಲ್ಲ. ಕುರ್ಚಿ ಮಾತ್ರ ಹಿಂದಕ್ಕೆ ಸರಿದಿರ್ತಿತ್ತು."

"ಕಿಟಕಿ?"

"ಕಿಟಕಿ ಎಲ್ಲೈತಮ್ಮ ಆ ರೂಮಿಗೆ?"

ಸೋಮವಾರ ಜಯರಾಮಯ್ಯ ಬಂದಾಗ ಆಕೆ ಪಟ್ಟಿ ತೋರಿಸಿದಳು. ಅವನು ಪರದೆಯ ಹತ್ತಿರ ಬಗ್ಗಿ ನೋಡಿದ.

"ಅಲ್ಲ ಅತ್ತಿಗೆಮ್ಮ, ಮೇಷ್ಟ್ರ ತಾವ ಕಲಿತೋರು ನೂರಾರು ಜನ ಅವರೆ. ಯಾರೋ ಹೊಡೆದವರೆ."

"ಹನ್ನೆರಡು ಯಾರು ಬೇಕಾದ್ರೂ ಹೊಡೀಬಹುದು. ಹದಿಮೂರನೇದು ಒಬ್ಬರೇ."

"ಹಂಗಾದ್ರೆ ಅಣ್ಣ ಬದುಕವನೆ ಅಂತಲಾ? ಬದುಕಿದ್ರೆ ಮನೆಗೆ ಬರ್ತಿರಲಿಲ್ವಾ?"

ಆಕೆ ಅರ್ಜಿಯನ್ನು ಪರದೆಯ ಮೇಲೆ ತಂದಳು. ಖಾಲಿ ಬಿಟ್ಟಿದ್ದ ಜಾಗದಲ್ಲಿ, ಮೈದುನನ ಎದುರಿಗೇ, ಗಂಡನ ಹೆಸರನ್ನು ಮೊದಲ ಬಾರಿಗೆ ಒಂದೊಂದೇ ಅಕ್ಷರವಾಗಿ ಹೊಡೆದಳು. ತಪ್ಪು ಹುಡುಕಲು ಹೇಳಿದಳು. ಯಂತ್ರ ಅಲ್ಲಿ ನಿಂತಿತು. ತಪ್ಪೋ ಸರಿಯೋ ಎಂದು ಕೇಳಿತು. ಸರಿ ಎಂದು ಕೀ ಒತ್ತಿದಳು. ಹೆಸರು ಪಟ್ಟಿಗೆ ಸೇರಿತು. ಆಮೇಲೆ ಅರ್ಜಿಯನ್ನು ಅಳಿಸಿದಳು.

"ಪಾಲುಪಟ್ಟಿಗೆ ಎಲ್ಲಿ ಹೇಳ್ತೀಯೋ ಅಲ್ಲಿ ರುಜು ಹಾಕ್ತೀನಿ ಕಣಪ್ಪ. ಬೊಂಬೆ ಮಾತ್ರ ಬೇಡ" ಎಂದಳು.

ಜಯರಾಮಯ್ಯ ಆಕೆಯ ಮುಖ ನೋಡಿದ, ಪರದೆ ನೋಡಿದ. ಟೀ ಕುಡಿಯದೆ ಎದ್ದು ಹೋದ. ಬೊಂಬೆಯ ಮಾತು ಮತ್ತೆ ಎತ್ತಲಿಲ್ಲ.

ಆ ಬೇಸಿಗೆಯಿಂದ ರಾಜಲಕ್ಷ್ಮಮ್ಮ ಮಧ್ಯಾಹ್ನದ ಊಟಕ್ಕೆ ಕಂಪ್ಯೂಟರಿನ ರೂಮಿನಲ್ಲಿ ಕೂರುವುದನ್ನು ಬಿಟ್ಟಳು. ಕುರ್ಚಿಯನ್ನು ಮೇಜಿನ ಒಳಕ್ಕೆ ತಳ್ಳಿ, ಯಂತ್ರ ಆರಿಸದೆ, ಹೊರಗಿನಿಂದ ಬೀಗ ಹಾಕಿ, ಜಗಲಿಯ ಬಿಸಿಲಿನಲ್ಲಿ ಡಬ್ಬಿ ಬಿಚ್ಚುತ್ತಿದ್ದಳು. ಗೋಡೆಗೆ ತಲೆ ಆನಿಸಿ ನಿಧಾನವಾಗಿ, ಸದ್ದಾಗದಂತೆ ಅಗಿಯುತ್ತಿದ್ದಳು.

"ಒಳಗೆ ಫ್ಯಾನು ಬುಟ್ಟು ಇಲ್ಲಿ ಬೇಯ್ತೀಯಲ್ಲಮ್ಮ, ಯಾಕೆ?" ಎಂದು ಗೌರಕ್ಕ ಒಮ್ಮೆ ಕೇಳಿದಳು.

"ಮೆಲ್ಲಗೆ ಮಾತಾಡೇ" ಎಂದಳು ರಾಜಲಕ್ಷ್ಮಮ್ಮ. "ಬಂದೋರು ಎದ್ದು ಹೋಗ್ಬಿಟ್ಟಾರು."