ಉದ್ದ ಕತ್ತಿನ ನವಿಲು

ಮೊಳಕಾಲ್ಮೂರಿನ ನಮ್ಮ ಮನೆಗೆ ಟಿವಿ ಬಂದ ಹೊಸದು. ಆಗ ನಮ್ಮ ಪಡಸಾಲೆಯಲ್ಲಿ ಎರಡು ಗುಂಡಿ ಮಗ್ಗ, ಒಂದು ಕಿಟಕಿ, ಒಂಬತ್ತು ಜನ ಮತ್ತು ಒಂದು ಜಗಳ ಇದ್ದವು.

ಜಗಳ ಕಿಟಕಿಯದು. ದೊಡ್ಡಪ್ಪನ ಮಗ್ಗಕ್ಕೆ ಬೆಳಕು ಬೀಳುತ್ತಿತ್ತು, ಅಪ್ಪನ ಮಗ್ಗಕ್ಕೆ ಇಲ್ಲ. ಮಾತಿಗೆ ಮಾತು ಬೆಳೆದು ಅಣ್ಣತಮ್ಮಂದಿರು ಮಾತು ಬಿಟ್ಟರು. ನಡುವೆ ಗೋಡೆ ಎಬ್ಬಿಸಲು ಇಟ್ಟಿಗೆಯೂ ಬಂದು ಅಂಗಳದಲ್ಲಿ ಬಿತ್ತು. ಟಿವಿ ಗೋಡೆಯ ಯಾವ ಕಡೆ ಹೋಗುತ್ತದೋ ಎಂಬ ಚಿಂತೆಯಲ್ಲಿ ನನಗೂ ದೊಡ್ಡಪ್ಪನ ಮಗಳು ಗೌರಿಗೂ ಅನ್ನ ಸೇರುತ್ತಿರಲಿಲ್ಲ. ಮಂಡಕ್ಕಿ ಮೆಣಸಿನಕಾಯಿ ಮಾತ್ರ ಸೇರುತ್ತಿತ್ತು.

ಗೋಡೆ ಏಳುವವರೆಗೆ ಮಾತಿನ ಸಾಗಣೆ ನನ್ನ ಪಾಲಿಗೆ. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತೇ ಕೂಗುತ್ತಿದ್ದ.

“ಏ ಪುಟ್ಟಿ, ನಿಮ್ಮ ದೊಡ್ಡಪ್ಪಗೆ ಹೇಳು, ಅವ್ವ ಉಣ್ಣಾಕೆ ಕರೀತಾಳೆ ಅಂತ.”

ಒಂದು ಮಾರು ದೂರದಲ್ಲಿದ್ದ ದೊಡ್ಡಪ್ಪ ಲಾಳಿ ನಿಲ್ಲಿಸದೆ, “ನಿಮ್ಮಪ್ಪಗೆ ಹೇಳು, ನಂಗೇನು ಕಿವುಡಿಲ್ಲ ಅಂತ.”

ಭಾನುವಾರ ಸಂಜೆ ಪಡಸಾಲೆಯ ಟಿವಿಯಲ್ಲಿ ಇಂಗ್ಲೆಂಡಿನ ಒಂದು ನಗೆಯಾಟ ಬರುತ್ತಿತ್ತು. ಅದರಲ್ಲಿ ಮಾತೇ ಇಲ್ಲ. ಒಬ್ಬ ಮನುಷ್ಯ ಸುಮ್ಮನೆ ಒಂದು ಕೆಲಸಕ್ಕೆ ಕೈ ಹಾಕುವುದು, ಅದು ಹತ್ತು ಕೆಲಸವಾಗಿ ಅವನ ಮೈಮೇಲೇ ಬೀಳುವುದು, ಅಷ್ಟೇ. ರಾಯದುರ್ಗದ ಕಡೆಯಿಂದ ಸೊಸೆಯಾಗಿ ಬಂದ ನಮ್ಮಜ್ಜಿಗೆ ತೆಲುಗೇ ಬಾಯಿ ತುಂಬ. ಕನ್ನಡದ ಧಾರಾವಾಹಿ ಅರ್ಧ ತಿಳಿದರೆ ಹಿಂದಿಯದು ಏನೇನೂ ತಿಳಿಯುತ್ತಿರಲಿಲ್ಲ. ಇವನು ಬಂದರೆ ಮಾತ್ರ ಅಡಿಕೆಚೀಲ ಬಿಚ್ಚಿ ಮುಂದೆ ಕೂರುತ್ತಿದ್ದಳು.

“ಈ ಯಪ್ಪ ನಮ್ಮೋನು ಕಣ್ರೇ. ನನ್ ಭಾಷೆ ಮಾತಾಡ್ತಾನೆ!”

ನಾವು ಗೋಡೆಯ ಇಟ್ಟಿಗೆಗಳನ್ನೇ ತಂದು ಕೂತು ನಗುತ್ತಿದ್ದೆವು. ಗಂಡಸರಿಬ್ಬರೂ ತಲೆ ತಗ್ಗಿಸಿ ನೇಯುತ್ತಿದ್ದರು. “ದೊಡ್ಡೋರು ನೋಡಾದೇನೇ ಇದನ್ನ? ಮಂಗನಾಟ,” ಅನ್ನುತ್ತಿದ್ದ ದೊಡ್ಡಪ್ಪ. ಒಬ್ಬನು ನಕ್ಕಿದ್ದಕ್ಕೆ ಇನ್ನೊಬ್ಬ ನಗಬಾರದೆಂಬ ಹಟವೂ ಇತ್ತೆನ್ನಿ.

ಆ ಭಾನುವಾರ ಅವನು ಕೋಟು ಹಾಕಿಕೊಳ್ಳಲು ಹೋಗಿ, ಕುರ್ಚಿಯನ್ನೂ ಸೇರಿಸಿ ಹಾಕಿಕೊಂಡು, ಏನೂ ಆಗಿಲ್ಲವೆಂಬಂತೆ ದೊಡ್ಡಮನುಷ್ಯರ ಊಟದ ಪಂಕ್ತಿಗೆ ನಡೆದುಹೋದ. ನಾವು ಇಟ್ಟಿಗೆಯಿಂದ ಕೆಳಗುರುಳಿದೆವು. ಮಗ್ಗಗಳು ಮಾತ್ರ ಟಕಟಕ ಅನ್ನುತ್ತಲೇ ಇದ್ದವು.

ಮುಂದಿನ ವಾರ ಎರಡು ಸೀರೆಯೂ ಮಗ್ಗದಿಂದಿಳಿದವು. ಕುಂದು ಹುಡುಕುವುದು ಅಜ್ಜಿಯ ಕೆಲಸ. ಅಂಗಳದ ಬೆಳಕಿನಲ್ಲಿ ಅಪ್ಪನ ಸೀರೆ ಹರವಿದವಳು ಹುಬ್ಬೇರಿಸಿದಳು.

“ಒರೇಯ್, ಇದು ನವಿಲೋ, ಒಂಟೆಯೋ?”

ಸೆರಗಿನ ನವಿಲುಗಳಲ್ಲಿ ಒಂದರ ಕತ್ತು ಗೇಣುದ್ದ! ಗುಂಡಿಯೊಳಗಿನ ಮೆಟ್ಟನ್ನು ಕಾಲು ತುಳಿದಾಗಲೇ ಮಗ್ಗದ ಮೇಲಿನ, ಚಿತ್ರಕ್ಕೆ ತಕ್ಕಂತೆ ತೂತು ಕೊರೆದ ರಟ್ಟು ಸರಿದು ಬುಟ್ಟಾದ ಚಿತ್ರ ಮುಂದಕ್ಕೆ ಹೋಗುವುದು. ಕಾಲು ಮರೆತು ಕೈ ಮಾತ್ರ ನೇಯುತ್ತಿದ್ದರೆ ನವಿಲು ಇದ್ದಲ್ಲೇ ಉದ್ದವಾಗುತ್ತದೆ.

“ರಟ್ಟು ಸಿಕ್ಕಾಕ್ಕಂಡಿತ್ತು ಕಣವ್ವ,” ಎಂದ ಅಪ್ಪ.

ಅಜ್ಜಿ ಎರಡನೆಯದನ್ನು ಹರವಿದಳು. ಅದರ ನವಿಲಿಗೆ ಕತ್ತು ಸರಿಯಿತ್ತು. ಕಾಲು ಕೊಕ್ಕರೆಯದು.

“ನಂದೂ ರಟ್ಟೇ,” ಎಂದ ದೊಡ್ಡಪ್ಪ, ಆಕಾಶ ನೋಡುತ್ತ.

“ಇಬ್ರದೂ ಒಂದೇ ದಿನ ಸಿಕ್ಕಾಕ್ಕಂತಾ? ಆ ಯಪ್ಪ ಕುರ್ಚಿ ಹೊತ್ಕಂಡು ಹೋದ ದಿನ?”

ಜನ್ಮದಲ್ಲಿ ನಮ್ಮೆದುರು ಹಲ್ಲು ತೋರಿಸದ ದೊಡ್ಡಪ್ಪ ನಿಧಾನ ಎದ್ದು, ಬೆನ್ನು ಬಾಗಿಸಿ, ಹಿಂದೆ ಕುರ್ಚಿ ಅಂಟಿಕೊಂಡವನಂತೆ ಗಂಭೀರವಾಗಿ ನಾಲ್ಕು ಹೆಜ್ಜೆ ನಡೆದ. ಅಪ್ಪ ಭೋರ್ ಎಂದು ನಕ್ಕುಬಿಟ್ಟ.

“ಲೇ, ನೀನೂ ನೋಡ್ತಿದ್ದೇನಲೇ?” ಎಂದ ದೊಡ್ಡಪ್ಪ, ತಮ್ಮನತ್ತ ತಿರುಗಿ.

“ನೀ ನಗು ಬರಬಾರ್ದಂತ ಟವಲ್ ಕಚ್ಕಂಡಿದ್ದೂ ನೋಡ್ದೆ ಕಣಣ್ಣ!”

ಅಲ್ಲಿಗೆ ನನ್ನ ಮಾತು ಸಾಗಿಸುವ ಕೆಲಸ ಹೋಯಿತು. ಇಟ್ಟಿಗೆಗಳು ಹಿತ್ತಿಲಲ್ಲಿ ನೀರೊಲೆಯಾದವು. ಒಂದು ಸೀರೆ ಮುಗಿದಾಗೊಮ್ಮೆ ಇಬ್ಬರೂ ಮಗ್ಗ ಬದಲಿಸಿ ಕೂರುವುದೆಂದು ಕಿಟಕಿಯ ಲೆಕ್ಕವೂ ಬಗೆಹರಿಯಿತು. ಕೆಟ್ಟ ಸೀರೆಗಳನ್ನು ಯಾರು ಕೊಳ್ಳುತ್ತಾರೆ? ಅವ್ವನಿಗೊಂದು, ದೊಡ್ಡವ್ವನಿಗೊಂದು. ಊರಿಗೆಲ್ಲ ರೇಷ್ಮೆ ನೇಯುವ ಮನೆಯ ಹೆಂಗಸರು ಸ್ವಂತ ಮಗ್ಗದ ಸೀರೆ ಉಟ್ಟದ್ದು ಅದೇ ಮೊದಲು. ಅವನ್ನುಟ್ಟು ಇಬ್ಬರೂ ಜಟಿಂಗ ರಾಮೇಶ್ವರನ ಗುಡ್ಡ ಹತ್ತುವಾಗ ಹಿಂದಿನಿಂದ ಒಂಟೆಯೂ ಕೊಕ್ಕರೆಯೂ ಹೊರಟಂತಿತ್ತು.

ಈಗ ನಾನು ಚಳ್ಳಕೆರೆಯಲ್ಲಿದ್ದೇನೆ. ಅಜ್ಜಿ, ಅಪ್ಪ, ದೊಡ್ಡಪ್ಪ ಯಾರೂ ಇಲ್ಲ. ಊರಿನ ಮನೆಯಲ್ಲಿ ಮಗ್ಗದ ಗುಂಡಿಗಳನ್ನು ಮುಚ್ಚಿ ಟೈಲ್ಸ್ ಹಾಕಿದ್ದಾರೆ. ಅಲ್ಲಿಗೆ ಹೋಗಿ ಅವುಗಳ ಮೇಲೆ ನಡೆಯುವಾಗ ನನ್ನ ಕಾಲು ಈಗಲೂ ಒಂದು ಕ್ಷಣ ತಡೆಯುತ್ತದೆ. ಮೊನ್ನೆ ಗೌರಿಯ ಮೊಮ್ಮಗಳು, ಇನ್ನೂ ಮಾತು ಬಾರದ ಕೂಸು, ಫೋನಿನಲ್ಲಿ ಅದೇ ಮನುಷ್ಯನನ್ನು ನೋಡಿ ಕೇಕೆ ಹಾಕುತ್ತಿತ್ತು. ನಾನೂ ಗೌರಿಯೂ ಪಕ್ಕದಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ನಗು ಹಾಗೇ ಇದೆ. ಅದು ಕೆಡಿಸಲು ಮನೆಯ ಮಗ್ಗದಲ್ಲಿ ಒಂದು ನವಿಲು ಮಾತ್ರ ಇಲ್ಲ.