ಹುಸೇನಸಾಬರು ಮೈಕ್ ಇಟ್ಟ ಜಾಗ

ಗೆಳೆಯರೇ, ಇವತ್ತು ಮುದ್ದೇಬಿಹಾಳದಲ್ಲಿ ಒಬ್ಬ ಹಿರಿಯರ ಜೊತೆ ಮೈಕಿನ ವಿಷಯಕ್ಕೆ ವಾದ ಮಾಡಿ ಬಂದೆ.

ಸೊಲ್ಲಾಪುರದ ಮದುವೆ ಮನೆಯವರು ಟೇಪ್ ಕೇಳಿದ ಮೇಲೆಯೇ ಬ್ಯಾಂಡ್ ಗೊತ್ತು ಮಾಡುತ್ತಾರಂತೆ. ಅದಕ್ಕೆ ಊರಿನ ಬ್ಯಾಂಡಿನವರು ನನ್ನನ್ನೂ ನನ್ನ ಸ್ಪೂಲ್ ಟೇಪ್ ರೆಕಾರ್ಡರನ್ನೂ ಕರೆಸಿದ್ದರು. ಸೈಡ್ ಡ್ರಮ್ ಬಾರಿಸುವವರು ಹುಸೇನಸಾಬರು. ನನ್ನ ಎರಡು ಮೈಕುಗಳಲ್ಲಿ ಹೊಸದನ್ನು ಡ್ರಮ್ಮಿನ ಚರ್ಮಕ್ಕಿಂತ ಎರಡು ಬೆರಳು ಮೇಲೆ ಇಟ್ಟೆ. ಟೇಪಿನಲ್ಲಿ ಬಂದದ್ದು ಎಣ್ಣೆ ಡಬ್ಬಿ ಬಡಿದ ಸದ್ದು.

ನನ್ನ ಮುಖ ನೋಡಿದ ಹುಸೇನಸಾಬರು ಎಡಗೈಯಲ್ಲಿ ಬಾರಿಸುತ್ತ ಬಲ ಅಂಗೈಯನ್ನು ಡ್ರಮ್ಮಿನ ಸುತ್ತ ಆಡಿಸಿದರು. ಪಕ್ಕದಲ್ಲಿ, ತಳದ ಚರ್ಮಕ್ಕೆ ಬಿಗಿದ ತಂತಿಗಳ ಹತ್ತಿರ, ಕೈ ನಿಂತಿತು.

“ಇಲ್ಲಿ ಇಡ್ರಿ ಸರ. ಹಳೀ ಮೈಕ ಸಾಕು.”

“ಮೈಕಿನ ಕೆಲಸ ನನಗ ಬಿಡ್ರಿ,” ಎಂದೆ. ಅವರು ತಾವೇ ಇಟ್ಟುಬಿಟ್ಟರು.

ಈ ಸಲ ಕೋಲಿನ ಪೆಟ್ಟೂ ತಂತಿಯ ಝರಝರವೂ ಒಟ್ಟಿಗೆ ಬಂದವು. ಕೂತವರ ಕಾಲುಗಳು ತಾಳ ಹಾಕತೊಡಗಿದವು.

“ಎಂಥಾ ಕಿವಿ ನಿಮ್ದು, ಹುಸೇನಸಾಬ್ರ,” ಎಂದೆ. ಅವರು ಸುಮ್ಮನೆ ನಕ್ಕರು. ಕ್ಲಾರಿಯೋನೆಟ್ ನುಡಿಸುವ ಅವರ ತಮ್ಮ ನನ್ನನ್ನು ಬದಿಗೆ ಕರೆದ.

“ಅಣ್ಣಗ ಕಿವಿ ಕೇಳಂಗಿಲ್ರಿ. ನಾಕು ವರ್ಷ ಆತು. ನನ್ನ ಬೆರಳು ನೋಡಿ ಬಾರಸ್ತಾನ. ಸೊಲ್ಲಾಪುರದವ್ರಿಗೆ ಹೇಳಬ್ಯಾಡ್ರಿ.”

ಅಷ್ಟರಲ್ಲಿ ಹುಸೇನಸಾಬರು ಸ್ಪೀಕರ್ ಮೇಲೆ ಅಂಗೈ ಊರಿ ಕೂತು, ಎರಡೂ ರೆಕಾರ್ಡಿಂಗ್ ಹಾಕಿಸಿಕೊಂಡರು.

“ಮೊದಲಿಂದು ಅಳಿಸ್ರಿ ಸರ.”

ಎರಡೂ ಕಿವಿ ನೆಟ್ಟಗಿರುವ ನಾನು ಅದನ್ನು ಅಳಿಸಿದೆ.