ಕಪ್ಪು ಮಾರ್ಕರ್ ಉಳಿಸಿದ್ದು

ಸಂದರ್ಶನಕ್ಕೆ ಕೂತು ಎರಡು ನಿಮಿಷವೂ ಆಗಿರಲಿಲ್ಲ. ಎದುರಿನ ಹಿರಿಯ ವಕೀಲೆ ಕಪ್ಪು ಮಾರ್ಕರ್ ತೆಗೆದು ನನ್ನ ಬಯೋಡೇಟಾದ ಮೇಲೆ ಗೆರೆ ಎಳೆಯತೊಡಗಿದರು. ವಯಸ್ಸು ಹೋಯಿತು, ಧರ್ಮ ಹೋಯಿತು, ‘ವಿವಾಹಿತೆ, ಒಂದು ಮಗು’ ಹೋಯಿತು. ಗಂಡನ ಹೆಸರಿನ ಮೇಲಂತೂ ಎರಡು ಸಲ ಗೆರೆ ಬಿತ್ತು. ಧಾರವಾಡದ ಕೋರ್ಟಿನಲ್ಲಿ ಆರು ವರ್ಷ ವಾದ ಮಾಡಿದವಳು ನಾನು. 2004ರಲ್ಲಿ ಅಮೆರಿಕದ ಕಲ್ವರ್ ಸಿಟಿಯ ಆ ವಕೀಲರ ಕಚೇರಿಗೆ ಟ್ರೇನಿ ವಕೀಲೆಯ ಕೆಲಸ ಕೇಳಿಕೊಂಡು ಹೋಗಿದ್ದೇ ಹೆಚ್ಚು, ಅದರ ಮೇಲೆ ಇದು ಬೇರೆ. ಸಿಟ್ಟು ನೆತ್ತಿಗೇರಿತು.

“ಇಲ್ಲಿನ ಕಾನೂನಿನ ಪ್ರಕಾರ ಇದನ್ನೆಲ್ಲ ನಾವು ಕೇಳುವಂತಿಲ್ಲ, ನೀವೂ ಹೇಳಬೇಡಿ,” ಎಂದು ಅವರು ಹಾಳೆಯನ್ನು ನನ್ನತ್ತ ತಿರುಗಿಸಿದರು. “ಈಗ ಉಳಿದದ್ದರ ಬಗ್ಗೆ ಮಾತಾಡೋಣ.”

ಉಳಿದದ್ದು ನನ್ನ ಹೆಸರು, ಓದು ಮತ್ತು ನಾನು ನಡೆಸಿದ ಕೇಸುಗಳು. ಮುಕ್ಕಾಲು ಗಂಟೆ ಅದನ್ನೇ ಕೇಳಿ, ಹಾಳೆಯನ್ನು ನನಗೇ ಕೊಟ್ಟರು.

ಹೊರಗೆ ಕಾರಿನಲ್ಲಿ ಕಾಯುತ್ತಿದ್ದ ಗಂಡನಿಗೆ ಹಾಳೆ ತೋರಿಸಿದೆ. “ನನ್ನ ಹೆಸರ ಹೊಡದ ಹಾಕ್ಯಾರಲ್ಲ. ಛಲೋ ಆತ ಬಿಡು, ನೌಕರಿ ಬೇಕಾಗಿದ್ದು ನಿನಗ,” ಎಂದರು.

ಆ ಕೆಲಸ ಸಿಗಲಿಲ್ಲ. ಆದರೆ ಆ ತಾಯಿ ಉಳಿಸಿಕೊಟ್ಟಷ್ಟನ್ನೇ ಟೈಪ್ ಮಾಡಿ ಬೇರೆ ಕಚೇರಿಗಳಿಗೆ ಕಳಿಸಿದೆ. ಸ್ಯಾನ್ ಡಿಯಾಗೋದ ಒಂದು ಕಚೇರಿ ಕೆಲಸಕ್ಕೆ ಕರೆಯಿತು. ಹೊಸ ಬಯೋಡೇಟಾ ಅರ್ಧ ಪುಟವೂ ಇರಲಿಲ್ಲ. ಅದರ ತುಂಬ ನಾನೇ ಇದ್ದೆ.